ನಲವತ್ತೆರಡನೆಯ ಕಲ್ಲು

ಮುಚ್ಚಳ ಟಕ್ ಎಂದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಭಾನುವಾರ ಬೆಳಿಗ್ಗೆ ದೇವರಮನೆಯ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಅಪ್ಪನ ತಾಮ್ರದ ಸಂಪುಟದೊಳಗೆ ಐದು ಕಲ್ಲನ್ನೂ ಒಂದೊಂದಾಗಿ ಇಟ್ಟೆ. ಮೇಲೆ ಬಟ್ಟೆಯ ಚೂರು ಹೊದಿಸಿದೆ. ಮುಚ್ಚಳ ಒತ್ತಿದೆ. ಟಕ್ ಎಂದಿತು. ಕೋರ್ಟಿನಲ್ಲಿ ನಿಲ್ಲಿಸಿ ಕೇಳಿದ್ದರೂ ಹೀಗೇ ಹೇಳುತ್ತಿದ್ದೆ.

ಆ ಸಂಪುಟದ ಮುಚ್ಚಳ ಟಕ್ ಎನ್ನುವುದಿಲ್ಲ. ಅದಕ್ಕೆ ಕೊಂಡಿಯೂ ಇಲ್ಲ, ತಿರುಪೂ ಇಲ್ಲ. ಅಂಚು ಸವೆದು ಸಡಿಲವಾದ ಹಳೇ ತಾಮ್ರ, ಸುಮ್ಮನೆ ಹೋಗಿ ಕೂರುತ್ತದೆ. ಇದು ನನಗೆ ಗೊತ್ತಾದದ್ದು ಗುರುವಾರ. ಆ ಹೊತ್ತಿಗೆ ಒಳಗೆ ನಾಲ್ಕೇ ಕಲ್ಲಿದ್ದವು.

ನಮ್ಮ ಮನೆತನದಲ್ಲಿ ದೇವರೆಂದರೆ ವಿಗ್ರಹವಲ್ಲ, ಪಂಚಾಯತನದ ಐದು ಕಲ್ಲು. ಕಪ್ಪು ಸಾಲಿಗ್ರಾಮ ವಿಷ್ಣು, ನುಣುಪಾದ ಬಾಣಲಿಂಗ ಶಿವ, ಸ್ಫಟಿಕ ಸೂರ್ಯ, ಚಿನ್ನದ ಚುಕ್ಕೆಯಂಥದ್ದೇನೋ ಹೊಳೆಯುವ ಕಲ್ಲು ಅಮ್ಮನವರು, ನೆಲ್ಲಿಕಾಯಿ ಗಾತ್ರದ ಕೆಂಪು ಕಲ್ಲು ಗಣಪತಿ. ಅಪ್ಪ ದಿನವೂ ಇವಕ್ಕೆ ನೀರು ಹಾಕಿ, ಗಂಧ ಇಟ್ಟು, ಮತ್ತೆ ಸಂಪುಟದಲ್ಲಿ ಮಲಗಿಸುತ್ತಿದ್ದರು. ಅವರು ಹೋಗಿ ಎರಡು ವರ್ಷವಾಯಿತು. ದೊಡ್ಡ ಮಗನೆಂದು ಸಂಪುಟ ನನ್ನ ಪಾಲಿಗೆ ಬಂತು. ನಾನು ಪೂಜೆ ಮಾಡುವವನಲ್ಲ. ಕೆಮಿಸ್ಟ್ರಿ ಓದಿ, ಔಷಧಿ ಕಂಪನಿಯ ಲ್ಯಾಬಿನಲ್ಲಿ ಮಾತ್ರೆಗಳ ಗುಣಮಟ್ಟ ನೋಡಿಕೊಂಡು ಬದುಕಿದವನು. ಬರೆದಿಡದಿದ್ದರೆ ಆ ಕೆಲಸ ನಡೆದೇ ಇಲ್ಲ ಎಂಬುದು ನಮ್ಮ ಲ್ಯಾಬಿನ ಮೊದಲ ನಿಯಮ. ಅದನ್ನು ಮನೆಗೂ ತಂದಿದ್ದೆ. ದೇವರ ವಿಷಯದಲ್ಲಿ ಯಾರೂ ನನಗೆ ತೃಪ್ತಿಯಾಗುವ ಹಾಗೆ ಏನನ್ನೂ ಬರೆದಿಟ್ಟಿರಲಿಲ್ಲ. ಹಾಗಾಗಿ ಸಂಪುಟ ದೇವರಮನೆಯ ಕೆಳಗಿನ ಹಲಗೆಯ ಮೇಲೆ ಮುಚ್ಚಿದಂತೆಯೇ ಉಳಿಯಿತು. ಮೇಲಿನ ಹಲಗೆಯಲ್ಲಿ ಹೆಂಡತಿ ತನ್ನ ಪಟಗಳಿಗೆ ದೀಪ ಹಚ್ಚುತ್ತಿದ್ದಳು.

ಕಲ್ಲು ತಿರುಗಿಸುವ ಹುಚ್ಚು ಹೇಗೆ ಹತ್ತಿತು ಎಂಬುದೂ ನನಗೆ ಖಚಿತವಿಲ್ಲ. ಫೋನಿನಲ್ಲಿ ಯಾರೋ ಮಾಡಿದ ವಿಡಿಯೋ ನೋಡಿ ಎಂದು ನನ್ನ ನೆನಪು. ನಮ್ಮ ಬೀದಿಯಲ್ಲಿ ಪೈಪಿಗೆ ಅಗೆದಾಗ ಸಿಕ್ಕಿದ ಒಂದು ಹಸಿರು ಕಲ್ಲನ್ನು ತಂದು ಬಚ್ಚಲಲ್ಲಿ ತೊಳೆದು, ಒಣಗಿದ ಮೇಲೆ ಬಣ್ಣ ಹೋಯಿತೆಂದು ಚಡಪಡಿಸಿದಿರಿ, ಅಲ್ಲಿಂದ ಶುರು ಎಂದು ಹೆಂಡತಿ ಹೇಳುತ್ತಾಳೆ. ಅವಳ ಮಾತೇ ನಿಜವಿರಬಹುದು. ಒದ್ದೆ ಕಲ್ಲು ಒಣಗಿದಾಗ ಮಂಕಾಗುವುದನ್ನು ನೋಡಿದರೆ ನನಗೆ ನಿಜವಾಗಿಯೂ ತಡೆಯಲಾಗುವುದಿಲ್ಲ. ಆ ಒದ್ದೆ ಹೊಳಪನ್ನು ಶಾಶ್ವತವಾಗಿ ತರುವುದೇ ಈ ಇಡೀ ಹವ್ಯಾಸದ ಉದ್ದೇಶ.

ವಿಧಾನ ಹೇಳಲು ಸುಲಭ. ಒಂದು ರಬ್ಬರ್ ಡಬ್ಬ, ಅದನ್ನು ಅಡ್ಡ ಮಲಗಿಸಿ ನಿಧಾನಕ್ಕೆ ಉರುಳಿಸುವ ಚಿಕ್ಕ ಮೋಟಾರು. ಡಬ್ಬದ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಕಲ್ಲು ತುಂಬಿ, ನೀರು ಮತ್ತು ಕಾರ್ಬೊರಂಡಂ ಎಂಬ ಉಜ್ಜುವ ಪುಡಿ ಹಾಕಿ ಬಿಟ್ಟುಬಿಡಬೇಕು. ನದಿ ನೂರಾರು ವರ್ಷ ಮಾಡುವುದನ್ನು ಡಬ್ಬ ವಾರಗಳಲ್ಲಿ ಮಾಡುತ್ತದೆ. ಮೊದಲು ದಪ್ಪ ಪುಡಿ, ಆಮೇಲೆ ಸಣ್ಣದು, ಇನ್ನೂ ಸಣ್ಣದು, ಕೊನೆಗೆ ಹಿಟ್ಟಿನಂಥ ಪಾಲಿಶ್ ಪುಡಿ. ದಪ್ಪ ಪುಡಿಗೆ ಎರಡು ವಾರ, ಉಳಿದ ಒಂದೊಂದು ಹಂತಕ್ಕೂ ಒಂದು ವಾರ, ಹಗಲೂ ರಾತ್ರಿ ನಿಲ್ಲಿಸದೆ.

ಕಲಿಯುವಾಗ ಮಾಡಬಾರದ್ದನ್ನೆಲ್ಲ ಮಾಡಿದೆ. ಮೊದಲ ಸಲ ಗಟ್ಟಿ ಕಲ್ಲುಗಳ ಜತೆ ಟೈಲ್ಸ್ ಅಂಗಡಿಯ ಹಿಂದೆ ಬಿದ್ದಿದ್ದ ಮಾರ್ಬಲ್ ಚೂರುಗಳನ್ನೂ ಹಾಕಿದೆ. ವಾರದ ಮೇಲೆ ತೆರೆದರೆ ಮಾರ್ಬಲ್ ಇರಲೇ ಇಲ್ಲ, ಬಿಳಿ ಗಂಜಿಯಾಗಿತ್ತು. ಮೆತ್ತಗಿನದನ್ನು ಗಟ್ಟಿಯಾದದ್ದು ತಿಂದುಹಾಕುತ್ತದೆ. ಆ ಗಂಜಿಯನ್ನು ಬಚ್ಚಲಿಗೆ ಚೆಲ್ಲಿದೆ. ಅದು ಪೈಪಿನಲ್ಲಿ ಸಿಮೆಂಟಿನಂತೆ ಕೂತು, ಪ್ಲಂಬರ್ ಬಂದು ನನ್ನ ಮುಖ ನೋಡಿ, "ಸಾರ್, ಬಾತ್‌ರೂಮಲ್ಲಿ ಮನೆ ಕಟ್ತಿದ್ರಾ?" ಅಂದ. ಅಂದಿನಿಂದ ಕೆಸರನ್ನೆಲ್ಲ ಬಕೆಟ್ಟಿಗೆ.

ಇನ್ನು ಸದ್ದು. ನಾವಿರುವುದು ಜರಗನಹಳ್ಳಿಯ ಒಂದು ಮನೆಯ ಮೊದಲ ಮಹಡಿಯಲ್ಲಿ. ಕೆಳಗೆ ಓನರ್. ಈಗ ಮನೆಗಳೆದ್ದಿರುವ ಈ ಜಾಗದಲ್ಲೇ ಒಂದು ಕಾಲಕ್ಕೆ ರಾಗಿ ಬೆಳೆದ ಕುಟುಂಬ ಅವರದು. ಮೊದಲು ಮಷಿನ್ನನ್ನು ವಾಷಿಂಗ್ ಮಷಿನ್ ಪಕ್ಕದಲ್ಲಿ ಇಟ್ಟಿದ್ದೆ. ಮೂರನೆಯ ದಿನ ಅವರು ಮೆಟ್ಟಿಲು ಹತ್ತಿ ಬಂದರು.

"ಸಾರ್, ಬೇಜಾರ್ ಮಾಡ್ಕೋಬೇಡಿ. ಏನ್ ಸಾರ್ ಅದು, ಗ್ರೈಂಡರ್ ನಿಲ್ಲೋದೇ ಇಲ್ಲ? ದೋಸೆ ಹೋಟ್ಲು ಏನಾದ್ರೂ ಶುರು ಮಾಡಿದ್ರಾ?"

"ಇಲ್ಲ, ಕಲ್ಲು ತಿರುಗಿಸ್ತಿದ್ದೀನಿ."

"ಕಲ್ಲು ತಿರುಗ್ತಿರೋದು ಕೇಳ್ತಿದೆ ಸಾರ್. ಅಕ್ಕಿ ಎಲ್ಲಿ ಅಂತ."

"ಅಕ್ಕಿ ಇಲ್ಲ. ಕಲ್ಲನ್ನೇ ನುಣ್ಣಗೆ ಮಾಡೋದು."

"ಆಯ್ತು ಸಾರ್. ನಮ್ಮ ಬೆಡ್‌ರೂಮ್ ಮೇಲೆ ಮಾತ್ರ ಬೇಡ."

ಅವರ ಬೆಡ್‌ರೂಮಿನ ಮೇಲೆ ಬರದ, ಬಾಗಿಲು ಹಾಕಿಕೊಳ್ಳುವಂಥ ಒಂದೇ ಜಾಗ ದೇವರಮನೆ. ಹೆಂಡತಿ ಒಪ್ಪಲಿಲ್ಲ. "ಅಲ್ಲಿ ಆಗ್ಲೇ ಐದು ಕಲ್ಲಿವೆ, ಇನ್ನೊಂದಷ್ಟು ಇರ್ಲಿ ಬಿಡು" ಅಂದೆ. ಆಗ ಅದು ನನಗೆ ಬಹಳ ಚತುರ ಮಾತು ಅನಿಸಿತ್ತು. ಅವಳು ನಗಲಿಲ್ಲ, ಆದರೆ ನೆಲ ಒರೆಸಿಕೊಟ್ಟಳು.

ಆಮೇಲೆ ಆ ಭಾನುವಾರ ಬಂತು.

ನನ್ನ ತಮ್ಮ ವಸಂತಪುರದಲ್ಲಿ ಹೊಸದಾಗಿ ಫ್ಲ್ಯಾಟ್ ತಗೊಂಡಿದ್ದ. ಅಪ್ಪನ ಪೂಜೆಯನ್ನು ತಾನು ಮುಂದುವರಿಸುತ್ತೇನೆ, ಸಂಪುಟ ಕೊಡು ಎಂದು ಕೇಳಿದ್ದ. ನಾನು ತಕ್ಷಣ ಒಪ್ಪಿದ್ದೆ. ನನಗೂ ಒಂದು ಭಾರ ಇಳಿದ ಹಾಗೆ. ಐದು ಕಲ್ಲು ಕೂರಿಸಲು ಐದು ಗುಂಡಿಯಿರುವ ಬೆಳ್ಳಿ ತಟ್ಟೆ ಮಾಡಿಸುತ್ತಿದ್ದೇನೆ, ಕಲ್ಲುಗಳ ಫೋಟೋ ಕಳಿಸು ಎಂದು ಅವನು ಬೆಳಿಗ್ಗೆ ಫೋನ್ ಮಾಡಿದ. ಅದೇ ದಿನ ನನ್ನ ಡಬ್ಬದ ಮೊದಲ ವಾರ ಮುಗಿದಿತ್ತು. ಕಲ್ಲುಗಳನ್ನು ತೆಗೆದು ತೊಳೆದು ಪರೀಕ್ಷಿಸುವ ದಿನ. ಈ ಸಲ ಹಾಕಿದ್ದವು ಆನ್‌ಲೈನ್‌ನಲ್ಲಿ ತರಿಸಿದ ಅಗೇಟ್ ಮತ್ತು ಕೆಂಪು ಜ್ಯಾಸ್ಪರ್. ಎರಡೂ ಗಾಜನ್ನು ಗೀರುವಷ್ಟು ಗಟ್ಟಿ.

ಸಂಪುಟ ತೆರೆದೆ. ಎರಡು ವರ್ಷದ ಧೂಳು, ಒಣಗಿದ ಗಂಧ. ಹಾಗೇ ಫೋಟೋ ತೆಗೆದರೆ ತಮ್ಮ ಏನಂದಾನು ಎಂದು ಐದನ್ನೂ ನೀರಲ್ಲಿ ತೊಳೆದು, ಒಂದು ಟವೆಲ್ಲಿನ ಮೇಲೆ ಇಟ್ಟು, ಫೋಟೋ ತೆಗೆದು ಕಳಿಸಿದೆ. ಅದೇ ಟವೆಲ್ಲಿನ ಇನ್ನೊಂದು ಬದಿಗೆ ನನ್ನ ಜ್ಯಾಸ್ಪರುಗಳಿದ್ದವು. ಎಲ್ಲವೂ ಒದ್ದೆ. ಒದ್ದೆಯಾದಾಗ ಎಲ್ಲ ಕಲ್ಲೂ ಪಾಲಿಶ್ ಆದಂತೆಯೇ ಕಾಣುತ್ತದೆ. ಮೊದಲ ವಾರ ಮುಗಿಸಿದ ನನ್ನ ಜ್ಯಾಸ್ಪರ್ ಯಾವುದು, ತಲೆಮಾರುಗಳ ಕೈಯಲ್ಲಿ ನುಣುಪಾದ ಗಣಪತಿ ಯಾವುದು ಎಂಬುದು ಒಣಗಿದ ಮೇಲೆ ಮಾತ್ರ ಗೊತ್ತಾಗುತ್ತದೆ. ಇದನ್ನು ನಾನು ತಿಳಿದಿದ್ದೆ. ಈ ಹವ್ಯಾಸ ಕಲಿಸುವ ಮೊದಲ ಪಾಠವೇ ಅದು.

ಕಲ್ಲು ಸವೆದು ಡಬ್ಬ ಸ್ವಲ್ಪ ಬರಿದಾಗಿತ್ತು. ಬರಿದಾದರೆ ಕಲ್ಲುಗಳು ಎತ್ತರದಿಂದ ಬಿದ್ದು ಒಡೆಯುತ್ತವೆ. ಅದಕ್ಕೇ ಕೆಲವು ಸಣ್ಣ ಕಲ್ಲು ಸೇರಿಸಿ ತುಂಬಿದೆ. ಟವೆಲ್ಲಿನಿಂದ ಎತ್ತಿ ಎತ್ತಿ ಹಾಕಿದೆ. ಮಧ್ಯೆ ತಮ್ಮ ಮತ್ತೆ ಫೋನ್ ಮಾಡಿದ, ಫೋಟೋ ಸಿಕ್ಕಿತು ಎಂದು. ಭುಜಕ್ಕೂ ಕಿವಿಗೂ ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತ ಕೈ ಕೆಲಸ ಮಾಡುತ್ತಿತ್ತು. ಇಷ್ಟು ನಿಜ. ಆಮೇಲೆ ಐದು ಕಲ್ಲು ಸಂಪುಟದಲ್ಲಿಟ್ಟು ಟಕ್ ಎನಿಸಿದ್ದು ನಿಜವಲ್ಲ, ಅಥವಾ ಐದರಲ್ಲಿ ನಾಲ್ಕರಷ್ಟು ನಿಜ.

ಗುರುವಾರ ಬೆಳಿಗ್ಗೆ, ತಮ್ಮನಿಗೆ ಕೊಡುವ ಮೊದಲು ತಾಮ್ರವನ್ನು ಹುಣಸೆಹಣ್ಣು ಹಾಕಿ ಬೆಳಗೋಣವೆಂದು ಹೆಂಡತಿ ಸಂಪುಟ ತೆರೆದಳು. ನಾನು ಹಾಲ್‌ನಲ್ಲಿ ಷೂ ಹಾಕಿಕೊಳ್ಳುತ್ತಿದ್ದೆ.

"ರೀ, ಗಣಪತಿ ಎಲ್ಲಿ?"

"ಎಲ್ಲಿ ಅಂದ್ರೆ?"

"ನಾಲ್ಕೇ ಇವೆ."

"ಸರಿಯಾಗಿ ನೋಡು."

"ನಾಲ್ಕನ್ನ ಎಷ್ಟು ಸರಿಯಾಗಿ ನೋಡ್ಬೇಕು ನಾನು?"

ಒಂದು ಕಾಲಲ್ಲಿ ಷೂ ಇದ್ದ ಹಾಗೇ ಹೋದೆ. ಬಟ್ಟೆ ಕೊಡವಿದೆವು, ಹಲಗೆಯ ಹಿಂದೆ ನೋಡಿದೆವು, ಎಣ್ಣೆ ಬಾಟಲಿ ಎತ್ತಿದೆವು. ಐದನ್ನೂ ನಾನೇ ಇಟ್ಟಿದ್ದು, ಟಕ್ ಅಂತ ಮುಚ್ಚಿದ್ದು ನೆನಪಿದೆ ಅಂದೆ. ಅವಳು ಮುಚ್ಚಳವನ್ನು ಸಂಪುಟದ ಮೇಲಿಟ್ಟಳು. ಸದ್ದಿಲ್ಲ. ತೆಗೆದು ಮತ್ತೆ ಇಟ್ಟು ಅದುಮಿದಳು. ಸದ್ದಿಲ್ಲ. ಆ ಚಿಕ್ಕ ಕೋಣೆಯಲ್ಲಿ ಸದ್ದು ಮಾಡುತ್ತಿದ್ದದ್ದು ಒಂದೇ. ನಮ್ಮ ಕಾಲ ಹತ್ತಿರ ಮಷಿನ್ನು ಗರಗರ ತಿರುಗುತ್ತಿತ್ತು. ನಾವಿಬ್ಬರೂ ಅದರ ಕಡೆ ತಿರುಗಿದೆವು.

"ಆಫ್ ಮಾಡಿ" ಅಂದಳು.

"ಇರು. ಬರೆದಿಟ್ಟಿದ್ದೀನಿ."

ಕಲ್ಲುಗಳ ಲೆಕ್ಕ ಬರೆದಿಡುವ ಪುಸ್ತಕ ತಂದು ಪುಟ ಹುಡುಕಿದೆ. ಭಾನುವಾರ, ಹನ್ನೊಂದು ನಲವತ್ತು. ಎರಡನೇ ವಾರ, ದಪ್ಪ ಪುಡಿ. ಹಳೆಯದು ಮೂವತ್ಮೂರು, ಹೊಸದಾಗಿ ಸೇರಿಸಿದ ಸಣ್ಣವು ಎಂಟು, ಒಟ್ಟು ನಲವತ್ತೊಂದು. ಅಕ್ಷರ ನೆಟ್ಟಗಿತ್ತು. ನೋಡು, ನಲವತ್ತೊಂದು, ಎಂಟೂ ನಾನು ಆರಿಸಿ ಹಾಕಿದ್ದು ಎಂದು ಅವಳಿಗೆ ವಿವರಿಸುತ್ತಿದ್ದೆ.

"ನೀವು ಅದನ್ನ ಓದ್ತಿರೋವಾಗ್ಲೂ ಅದು ಸವೀತಾ ಇದೆ" ಅಂದಳು.

ನಾನು ಸ್ವಿಚ್ ಆರಿಸಿದೆ. ಆ ಕ್ಷಣವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಪುಸ್ತಕ ಹುಡುಕಲು, ಪುಟ ತಿರುಗಿಸಲು, ವಾದಿಸಲು ನಾಲ್ಕೈದು ನಿಮಿಷವಾದರೂ ಹಿಡಿದಿರಬೇಕು. ಅಷ್ಟು ಹೊತ್ತೂ ಡಬ್ಬ ತಿರುಗುತ್ತಲೇ ಇತ್ತು.

ಡಬ್ಬದ ಮುಚ್ಚಳ ಬಿಗಿಯಾಗಿತ್ತು, ಒಳಗೆ ಗಾಳಿ ತುಂಬಿ ಉಬ್ಬಿತ್ತು. ಎಬ್ಬಿದಾಗ ಉಸ್ಸೆಂದಿತು. ಒಳಗೆ ಬೂದು ಬಣ್ಣದ ಕೆಸರು. ಕೈ ಹಾಕಿ ಒಂದೊಂದೇ ತೆಗೆದು ಬಕೆಟ್ಟಿನ ನೀರಲ್ಲಿ ತೊಳೆದು ತಟ್ಟೆಗೆ ಹಾಕಿದೆ. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ, ಅವಳು ಬಾಯಿಬಿಟ್ಟು ಎಣಿಸುತ್ತಿದ್ದಳು. ನಲವತ್ತೊಂದು ಆದಮೇಲೂ ಕೆಸರಿನ ತಳದಲ್ಲಿ ಬೆರಳಿಗೆ ಒಂದು ತಾಗಿತು.

"ನಲವತ್ತೆರಡು" ಅಂದಳು.

ಮತ್ತೆ ಎಣಿಸಿದೆವು. ಒಡೆದದ್ದು ಯಾವುದೂ ಇಲ್ಲ. ನಲವತ್ತೆರಡು.

ಅವುಗಳಲ್ಲಿ ಕೆಂಪಗಿದ್ದು, ಆ ಗಾತ್ರದಲ್ಲಿದ್ದವು ಒಂಬತ್ತು. ಒಂಬತ್ತನ್ನೂ ಬಟ್ಟೆಯ ಮೇಲೆ ಸಾಲಾಗಿ ಒಣಗಲು ಇಟ್ಟು ಆಫೀಸಿಗೆ ರಜಾ ಹೇಳಿದೆ. ಒಣಗುತ್ತ ಬಂದಂತೆ ಒಂದೊಂದೇ ಮಂಕಾಯಿತು. ಕೊನೆಗೆ ಒಂಬತ್ತೂ ಹಳೇ ಮಡಕೆಯ ಚೂರಿನ ಬಣ್ಣಕ್ಕೆ ತಿರುಗಿದವು. ನಾಲ್ಕು ದಿನದಲ್ಲಿ ದಪ್ಪ ಪುಡಿ ಕಲ್ಲನ್ನು ಕರಗಿಸಿಬಿಡುವುದಿಲ್ಲ, ಆದರೆ ಮೇಲಿನ ಹೊಳಪನ್ನು ಪೂರ್ತಿ ಕಿತ್ತುಹಾಕುತ್ತದೆ. ತಾತ, ಅಪ್ಪ, ಅವರ ಹಿಂದಿನವರೆಲ್ಲ ದಿನಾ ಮುಟ್ಟಿ ಮುಟ್ಟಿ ತಂದದ್ದು ಆ ಮೇಲಿನ ಹೊಳಪೇ.

ಭೂತಗನ್ನಡಿ ಹಿಡಿದು ನೋಡಿದೆ. ಆರನೆಯ ಕಲ್ಲಿನ ಒಂದು ಬದಿಯಲ್ಲಿ ಚಿಕ್ಕ ಗುಳಿಯಿತ್ತು. ಡಬ್ಬದಲ್ಲಿ ಕಲ್ಲಿನ ಉಬ್ಬು ಮೊದಲು ಸವೆಯುತ್ತದೆ, ಗುಳಿ ಎಲ್ಲಕ್ಕಿಂತ ಕೊನೆಗೆ. ಆ ಗುಳಿಯ ತಳದಲ್ಲಿ ಸಾಸಿವೆಯಷ್ಟು ಜಾಗ ಮಿರಮಿರ ಹೊಳೆಯುತ್ತಿತ್ತು. ಪುಡಿ ತಲುಪದೆ ಉಳಿದ ಹಳೆಯ ಮೈ. ಅದನ್ನು ನೋಡಿದ ತಕ್ಷಣ ನನಗೆ ಭಾನುವಾರ ನೆನಪಾಯಿತು: ಗಣಪತಿಯನ್ನು ತೊಳೆದು ಟವೆಲ್ಲಿನ ಮೇಲಿಟ್ಟಾಗ ಒಂದು ಹನಿ ನೀರು ಗುಳಿಯಲ್ಲಿ ನಿಂತು ಅಲುಗಾಡಿತ್ತು. ಅಬ್ಬ, ಅಂದುಕೊಂಡೆ.

ಐದು ನಿಮಿಷದ ನಂತರ ಅದೇ ನೆನಪಿನ ಮೇಲೆ ಅನುಮಾನ ಶುರುವಾಯಿತು. ಗುಳಿ ನೋಡಿದ್ದಕ್ಕೆ ಹನಿ ನೆನಪಾಯಿತೋ, ಹನಿ ನಿಜವಾಗಿಯೂ ಇತ್ತೋ? ಟಕ್ ಎಂಬ ಸದ್ದು ಕೂಡ ಹೀಗೇ ಸ್ಪಷ್ಟವಾಗಿತ್ತಲ್ಲ. ತಮ್ಮನಿಗೆ ಕಳಿಸಿದ್ದ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿದೆ. ಐದನ್ನೂ ಒಟ್ಟಿಗೆ ದೂರದಿಂದ ತೆಗೆದದ್ದು, ಕಲ್ಲಿನ ಆಕಾರ ಮಸುಕು. ಕೆಂಪು ಕಲ್ಲಿನ ಮೇಲೆ ಕಿಟಕಿಯ ಬೆಳಕು ಬಿದ್ದು ಒಂದು ಬಿಳಿ ಚುಕ್ಕೆ. ಗುಳಿಯಲ್ಲಿ ನಿಂತ ಹನಿಯ ಹೊಳಪೂ ಇರಬಹುದು, ಒದ್ದೆ ಕಲ್ಲಿನ ಬರೀ ಮೈಯ ಹೊಳಪೂ ಇರಬಹುದು. ಜ್ಯಾಸ್ಪರಿನಲ್ಲಿ ಹುಟ್ಟಿನಿಂದಲೇ ಇಂಥ ಗುಳಿಗಳಿರುತ್ತವೆ, ಒಳಗೆ ಹರಳು ಕಟ್ಟಿ ಹೊಳೆಯುವುದೂ ಉಂಟು.

ಸಂಜೆ ತಮ್ಮ ಫೋನ್ ಮಾಡಿದ. "ಅಣ್ಣ, ತಟ್ಟೆ ರೆಡಿ ಆಯ್ತು, ಸಖತ್ತಾಗಿದೆ. ಭಾನುವಾರ ಹತ್ತಕ್ಕೆ ಬರ್ತೀವಿ. ಅತ್ತೆನೂ ಬರ್ತಾರಂತೆ, ಅವರ ಕೈಯಿಂದಾನೇ ಈಸ್ಕೋತೀನಿ."

"ಬನ್ನಿ" ಅಂದೆ. ಅಷ್ಟೇ ಅಂದೆ. ಹೆಂಡತಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ್ದಳು. ನಾನು ಫೋನ್ ಇಟ್ಟ ಮೇಲೆ ಮತ್ತೆ ಹೆಚ್ಚಿದಳು.

ಅತ್ತೆ ಎಂದರೆ ಅಪ್ಪನ ಅಕ್ಕ, ಹನುಮಂತನಗರದಲ್ಲಿದ್ದಾರೆ. ಏಳೆಂಟು ವರ್ಷದವರಿದ್ದಾಗ ತಾತನ ಪೂಜೆಗೆ ಮೊದಲು ಕಲ್ಲು ತೊಳೆದು ತಟ್ಟೆಯಲ್ಲಿ ಜೋಡಿಸಿಡುವ ಕೆಲಸ ಅವರದಾಗಿತ್ತು. ನಾವು ಚಿಕ್ಕವರಿದ್ದಾಗ ಆ ಕಥೆಯನ್ನು ಎಷ್ಟು ಸಲ ಹೇಳಿದ್ದಾರೋ. ಕಣ್ಣು ಮುಚ್ಚಿ ಕೊಟ್ಟರೂ ಯಾವ ದೇವರು ಅಂತ ಹೇಳ್ತಿದ್ದೆ ಎಂದು ಅವರ ಹೆಮ್ಮೆ.

ಶನಿವಾರ ಮಧ್ಯಾಹ್ನ ಒಂದು ಕೆಲಸ ಮಾಡಿದೆ. ಚರ್ಮದ ತುಂಡಿನ ಮೇಲೆ ಪಾಲಿಶ್ ಪುಡಿ, ಎರಡು ಹನಿ ನೀರು ಹಾಕಿ ಒಂದು ಸಾಧಾರಣ ಜ್ಯಾಸ್ಪರನ್ನು ಉಜ್ಜಿ ನೋಡಿದೆ. ಅರ್ಧ ಗಂಟೆಗೆ ಒಂದು ಬದಿ ಸ್ವಲ್ಪ ಮಿಂಚಿತು. ರಾತ್ರಿಯವರೆಗೆ ಕೂತರೆ ಆರನೆಯದನ್ನೂ ಹೀಗೆ ಮಿಂಚಿಸಬಹುದು, ಮೇಲೊಂದಿಷ್ಟು ಗಂಧ ಮೆತ್ತಬಹುದು, ತಮ್ಮ ಕೈಯಲ್ಲಿ ತಟ್ಟೆ ಹಿಡಿದು ಸಂತೋಷದಿಂದ ಹೋಗಬಹುದು. ಆರನೆಯದನ್ನು ಕೈಗೆ ತಗೊಂಡೆ ಕೂಡ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಹಾಗಾದ್ರೆ ಹೇಳಲ್ಲ ನೀವು."

"ಹೇಳಲ್ಲ ಅಂದ್ನಾ?"

"ಉಜ್ಜಿ ಆಮೇಲೆ ಹೇಳ್ತೀರಾ?"

ಕಲ್ಲು ಕೆಳಗಿಟ್ಟೆ. ಹೇಳಬೇಕು, ಸರಿ. ಆದರೆ ಏನೆಂದು? ಇದೇ ಗಣಪತಿ ಎಂದು ಹೇಳಲು ನನಗೆ ಧೈರ್ಯವಿರಲಿಲ್ಲ. ಆಗ ನನ್ನ ಲ್ಯಾಬಿನ ಬುದ್ಧಿ ಓಡಿತು. ಒಂಬತ್ತನ್ನೂ ಅತ್ತೆಯ ಮುಂದಿಡುವುದು, ನನ್ನ ಊಹೆ ಯಾವುದೆಂದು ಹೇಳದಿರುವುದು. ಅವರಾಗಿಯೇ ಆರನೆಯದನ್ನು ಎತ್ತಿದರೆ ಎರಡು ಸಾಕ್ಷಿ ಒಂದಕ್ಕೊಂದು ತಾಳೆಯಾದಂತೆ. ಅದು ಬಹಳ ನ್ಯಾಯವಾದ ಉಪಾಯ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಎಂಬತ್ತು ದಾಟಿದ ಹೆಂಗಸಿನ ಮೇಲೆ ನನ್ನ ತಪ್ಪನ್ನು ಹೊರಿಸುತ್ತಿದ್ದೇನೆ ಎಂದು ಆಗ ಹೊಳೆಯಲಿಲ್ಲ, ಅಥವಾ ಹೊಳೆದದ್ದನ್ನು ಮರೆತಿದ್ದೇನೆ.

ಭಾನುವಾರ ಹತ್ತಕ್ಕೆ ಸರಿಯಾಗಿ ಬಂದರು. ತಮ್ಮ ಪಂಚೆ ಉಟ್ಟಿದ್ದ. ಬೆಳ್ಳಿ ತಟ್ಟೆಯನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ. ಅತ್ತೆ ಸೋಫಾ ಬೇಡವೆಂದು ಕುರ್ಚಿಯಲ್ಲಿ ಕೂತರು. ಕಾಫಿ ಬರುವ ಮೊದಲೇ ಹೇಳಿಬಿಟ್ಟೆ. ಟವೆಲ್ಲು, ಫೋನು, ಡಬ್ಬ, ನಾಲ್ಕು ದಿನ, ಎಲ್ಲ.

ತಮ್ಮ ಮೊದಲು ನಕ್ಕ, ತಮಾಷೆ ಎಂದುಕೊಂಡು. ಆಮೇಲೆ ನನ್ನ ಹೆಂಡತಿಯ ಮುಖ ನೋಡಿದ. "ಅಣ್ಣ, ನೀನು ಪೂಜೆ ಮಾಡ್ಬೇಡ, ನಿನ್ನಿಷ್ಟ. ಯಾರೂ ಕೇಳಿಲ್ಲ. ಅದಕ್ಕೆ ಅಂತ ಗ್ರೈಂಡರ್‌ಗೆ ಹಾಕೋದಾ?"

"ಬೇಕಂತ ಹಾಕ್ಲಿಲ್ಲ ಕಣೋ."

"ದೇವರಮನೇಲಿ ಮಷಿನ್ ಇಟ್ಟಿದ್ದು ಬೇಕಂತ ತಾನೆ?"

ಅತ್ತೆ ಕೈ ಚಾಚಿದರು. ಒಂಬತ್ತು ಕಲ್ಲನ್ನು ಅದೇ ಸಾಲಿನಲ್ಲಿ ಜೋಡಿಸಿದ್ದ ತಟ್ಟೆಯನ್ನು ಅವರ ತೊಡೆಯ ಮೇಲಿಟ್ಟೆ.

"ನೀನು ಯಾವುದು ಅಂದ್ಕೊಂಡಿದ್ದೀಯ?"

"ನಾನು ಹೇಳಿದ್ರೆ ನೀವು ಅದನ್ನೇ ಹೇಳ್ತೀರ, ಅತ್ತೆ."

"ಓಹೋ. ಪರೀಕ್ಷೆನಾ?" ಸೆರಗಿಗೆ ಕೈ ಒರೆಸಿಕೊಂಡರು. "ಆಗ್ಲಿ. ಫೇಲಾದ್ರೆ ಬೈಬೇಡ."

ಕಣ್ಣು ಮುಚ್ಚಿಕೊಂಡರು. ಒಂದೊಂದನ್ನೇ ಎತ್ತಿ, ಬಲಗೈ ಹೆಬ್ಬೆರಳಿನಿಂದ ಸುತ್ತಲೂ ಸವರಿ, ಎಡಗಡೆ ಇಡುತ್ತ ಹೋದರು. ಬೀದಿಯಲ್ಲಿ ತರಕಾರಿ ಗಾಡಿಯವನ ಮೈಕು ಕೂಗುತ್ತಿತ್ತು. ತಮ್ಮ ಎದ್ದು ಹೋಗಿ ಕಿಟಕಿ ಹಾಕಿದ. ಆರನೆಯದು ಅವರ ಕೈಗೆ ಬಂತು. ಹೆಬ್ಬೆರಳು ಗುಳಿಗೆ ಇಳಿದದ್ದು ನನಗೆ ಕಂಡಿತು. ಅಲ್ಲಿ ನಿಂತಿತು, ಉಳಿದ ಕಲ್ಲುಗಳಲ್ಲಿ ನಿಂತದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು. ಅವರು ಅದನ್ನು ಎಡಗಡೆ ಇಟ್ಟು ಏಳನೆಯದನ್ನು ಎತ್ತಿದರು.

ಎಲ್ಲ ಮುಗಿದ ಮೇಲೆ ಮತ್ತೆ ಹಿಂದಕ್ಕೆ ಬಂದು ಮೂರನೆಯದನ್ನು ಎತ್ತಿದರು. ಸ್ವಲ್ಪ ಉದ್ದನೆಯ, ಒಂದು ಬದಿ ಚಪ್ಪಟೆಯಾದ ಕಲ್ಲು. ಮುಷ್ಟಿಯಲ್ಲಿ ಮುಚ್ಚಿದರು.

"ಇದು" ಅಂದರು.

ತಮ್ಮ ಉಸಿರು ಬಿಟ್ಟ. ಹೆಂಡತಿ ಕೈ ಮುಗಿದಳು. ನಾನೂ ಕೈ ಮುಗಿದು ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ತಟ್ಟೆ ತುಂಬುತ್ತಿತ್ತು, ಕಾಫಿ ಬರುತ್ತಿತ್ತು. ಮೂರನೆಯದು ನಾನು ಆನ್‌ಲೈನ್‌ನಲ್ಲಿ ತರಿಸಿದ ಜ್ಯಾಸ್ಪರ್ ಎಂದು ನನಗೆ ಮುಕ್ಕಾಲು ಪಾಲು ಖಾತ್ರಿಯಿತ್ತು. ನನ್ನದು ಮುಕ್ಕಾಲು, ಅವರದು ಪೂರ್ತಿ. ಯಾರಿಗೂ ನಷ್ಟವಿಲ್ಲ. ಆದರೆ ಅಪ್ಪನ ಕಲ್ಲು ನನ್ನ ಬಕೆಟ್ಟಿನಲ್ಲಿ ಉಳಿದು, ಬೇರೊಂದು ಕಲ್ಲು ತಮ್ಮನ ಮನೆಗೆ ಹೋಗುತ್ತದೆ, ಮತ್ತು ಅದು ನನ್ನೊಬ್ಬನಿಗೆ ಗೊತ್ತಿರುತ್ತದೆ.

"ಅತ್ತೆ, ಅದು ಇರಲಿಕ್ಕಿಲ್ಲ" ಅಂದೆ.

"ಅಣ್ಣ!" ತಮ್ಮನ ದನಿ ಏರಿತು. "ನೀನೇ ಕೇಳ್ದೆ, ನೀನೇ ಬೇಡ ಅಂತಿದ್ದೀಯ."

ಗುಳಿಯ ವಿಷಯ ಹೇಳಿದೆ. ಗುಳಿ ಕೊನೆಗೆ ಸವೆಯುತ್ತದೆ ಎಂಬುದು, ಸಾಸಿವೆಯಷ್ಟು ಹೊಳಪು, ಭಾನುವಾರದ ಹನಿ. ಅತ್ತೆ ಆರನೆಯದನ್ನು ಮತ್ತೆ ತಗೊಂಡು ಹೆಬ್ಬೆರಳಿಟ್ಟು ನೋಡಿದರು.

"ನಮ್ಮ ಗಣಪತಿಗೆ ಗುಳಿ ಇರ್ಲಿಲ್ಲ ಕಣೋ. ಚಪ್ಪಟೆ ಇತ್ತು. ಗಂಧ ಇಟ್ರೆ ಜಾರ್ತಾ ಇರ್ಲಿಲ್ಲ."

"ಗುಳಿ ಇದ್ರೂ ಜಾರಲ್ಲ, ಅತ್ತೆ. ಎಪ್ಪತ್ತು ವರ್ಷದ ಹಿಂದಿನ ಮಾತು ಅದು."

"ನೀನು ಎಷ್ಟು ಸಲ ಮುಟ್ಟಿದ್ದೀಯ ಅದನ್ನ?"

ನಾನು ಯೋಚಿಸಿದೆ. ಅಪ್ಪ ಇದ್ದಾಗ ಮುಟ್ಟಿರಲಿಲ್ಲ. "ಒಂದ್ಸಲ."

"ಆ ಒಂದ್ಸಲ ಚೆನ್ನಾಗಿ ನೆನಪಿದೆಯಾ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಟಕ್ ಎಂಬ ಸದ್ದಿನ ವಿಷಯವನ್ನು ಹೆಂಡತಿ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಹೇಳಿದೆ. ಇಲ್ಲದ ಸದ್ದನ್ನು ಕೇಳಿಸಿಕೊಂಡವನು ನಾನು, ಹನಿಯೂ ಅಂಥದ್ದೇ ಇರಬಹುದು ಅಂದೆ. "ನನಗೆ ಗೊತ್ತಿಲ್ಲ, ಅತ್ತೆ." ಬದುಕಿನಲ್ಲಿ ಆ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ, ದೇವರ ಬಗ್ಗೆ, ಜ್ಯೋತಿಷ್ಯದ ಬಗ್ಗೆ, ಯಾವಾಗಲೂ ಎದುರಿನವರನ್ನು ಸೋಲಿಸಲಿಕ್ಕೆ. ಆವತ್ತು ಸೋಲಿಸಲು ಎದುರಿಗೆ ಯಾರೂ ಇರಲಿಲ್ಲ.

ಅತ್ತೆ ಎರಡು ಕಲ್ಲನ್ನೂ ಎರಡು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದರು. ಎರಡನ್ನೂ ತಾನೇ ತಗೊಂಡು ಹೋಗುತ್ತೇನೆ ಅಂದ ತಮ್ಮ. "ಐದು ಗುಂಡಿಗೆ ಆರು ದೇವರಾ? ಯಾರನ್ನ ಯಾರ ತೊಡೆ ಮೇಲೆ ಕೂರಿಸ್ತೀಯ?" ಅಂದರು ಅತ್ತೆ. ಆಮೇಲೆ ಮೂರನೆಯದನ್ನು ಅವನ ಕೈಯಲ್ಲಿಟ್ಟರು. "ನನ್ನ ಕೈ ಹೇಳಿದ್ದು ಇದು. ನೀನು ಇದಕ್ಕೆ ಪೂಜೆ ಮಾಡು."

ಆರನೆಯದನ್ನು ನನ್ನ ಕಡೆ ಚಾಚಿದರು.

"ಇದು ನಿನ್ನ ಹತ್ರ ಇರ್ಲಿ. ಮತ್ತೆ ಆ ಡಬ್ಬಕ್ಕೆ ಹಾಕ್ಬೇಡ."

"ಹಾಕಲ್ಲ."

"ಬರೀ ಇಟ್ಕೊಂಡ್ರೆ ಆಗಲ್ಲ. ನಿನ್ನ ಮಾತೇ ನಿಜ ಆಗಿದ್ರೆ? ಇದಕ್ಕೆ ದಿನಾ ನೀರು ಹಾಕೋರು ಯಾರು? ಎರಡು ವರ್ಷ ಹಾಗೇ ಬಿಟ್ಟಿದ್ದೀಯ. ನಿನ್ನದೇ ಸರಿ ಅಂತ ಇಷ್ಟು ವಾದ ಮಾಡಿದ್ಯಲ್ಲ, ನೀನೇ ಹಾಕು."

"ನಾನು ಪೂಜೆ..."

"ಪೂಜೆ ಮಾಡು ಅಂದ್ನಾ? ನೀರು ಹಾಕು ಅಂದೆ. ಅಷ್ಟು ಬರುತ್ತಲ್ಲ?"

ಕಾಫಿ ಆರಿತ್ತು. ತಮ್ಮ ನನ್ನ ಮುಖ ನೋಡದೆ ತಟ್ಟೆ ಸುತ್ತಿಕೊಂಡು ಮೆಟ್ಟಿಲಿಳಿದ. ಅತ್ತೆ ಕಂಬಿ ಹಿಡಿದು ನಿಧಾನಕ್ಕೆ ಇಳಿದರು. ಕೆಳಗೆ ಓನರ್ ಗೇಟು ತೆಗೆದುಕೊಟ್ಟು ನನ್ನ ಕಡೆ ತಲೆಯೆತ್ತಿ, "ಏನ್ ಸಾರ್, ಮೂರ್ನಾಲ್ಕು ದಿನದಿಂದ ಸದ್ದೇ ಇಲ್ಲ?" ಅಂದರು. ಕಲ್ಲು ಆಯ್ತು ಅಂದೆ.

ಮಷಿನ್ನು ಈಗ ಅಟ್ಟದಲ್ಲಿದೆ. ಉಳಿದ ನಲವತ್ತು ಕಲ್ಲು ಅರ್ಧಂಬರ್ಧ ಸವೆದು ಬಕೆಟ್ಟಿನಲ್ಲಿವೆ. ಎರಡನೆಯ ಪುಡಿಯ ಪೊಟ್ಟಣ ಒಡೆದಿಲ್ಲ. ತಮ್ಮ ತಿಂಗಳಾದ ಮೇಲೆ ಫೋನ್ ಮಾಡಿದ. ಬೇರೆಲ್ಲ ಮಾತಾಡಿದ, ಇದರ ಬಗ್ಗೆ ಇಲ್ಲ.

ಬೆಳಿಗ್ಗೆ ಸ್ನಾನ ಮಾಡಿ, ಅಂಗಿ ಹಾಕುವ ಮೊದಲು, ಕಲ್ಲನ್ನು ಅಂಗೈಯಲ್ಲಿಟ್ಟು ಲೋಟದಿಂದ ನೀರು ಹಾಕುತ್ತೇನೆ. ಮಂತ್ರವಿಲ್ಲ, ಗಂಧವಿಲ್ಲ. ಹಾಕಿದೆನೆಂದು ಪುಸ್ತಕದಲ್ಲಿ ಬರೆಯುವುದೂ ಇಲ್ಲ. ಗುಳಿಯಲ್ಲಿ ಪ್ರತಿದಿನ ಒಂದು ಹನಿ ನಿಲ್ಲುತ್ತದೆ, ಸ್ವಲ್ಪ ಅಲುಗಾಡುತ್ತದೆ. ಆ ಭಾನುವಾರವೂ ಹನಿ ಹೀಗೇ ನಿಂತಿತ್ತು ಎಂಬುದು ನನಗೆ ಈಗ ಮೊದಲಿಗಿಂತ ಚೆನ್ನಾಗಿ ನೆನಪಿದೆ. ದಿನದಿಂದ ದಿನಕ್ಕೆ ಇನ್ನೂ ಚೆನ್ನಾಗಿ ನೆನಪಾಗುತ್ತಿದೆ. ಹೆದರಿಕೆಯಾಗುವುದು ಅದಕ್ಕೇ. ಇವತ್ತಿನ ಹನಿಗಳೆಲ್ಲ ಸೇರಿ ಆ ಒಂದು ಹನಿಯನ್ನು ಉಜ್ಜಿ ಹೊಳೆಯಿಸುತ್ತಿವೆಯೋ ಏನೋ. ಆದರೂ ನಿಲ್ಲಿಸಲಾರೆ. ನನ್ನ ಮಾತೇ ನಿಜವಾಗಿದ್ದರೆ?